ಎಲ್ಲವನ್ನೂ ಪಣಕ್ಕಿಡುವ ಮುನ್ನ

‘ರಿಸ್ಕ್ ತಗೊಳ್ಳದಿದ್ರೆ ಏನೂ ಸಿಗಲ್ಲ’ ಎಂಬ ಮಾತು ಹಾಸ್ಟೆಲ್‌ಗಳಲ್ಲಿ, ಕೋಚಿಂಗ್ ಕೇಂದ್ರಗಳಲ್ಲಿ ದಿನವೂ ಕೇಳಿಬರುತ್ತದೆ. ಪೋಕರ್ ಆಟದಲ್ಲಿ ಇದರ ತುತ್ತತುದಿಗೆ ‘ಆಲ್-ಇನ್’ ಎನ್ನುತ್ತಾರೆ. ಮುಂದಿರುವ ಬಿಲ್ಲೆಗಳನ್ನೆಲ್ಲ ಒಂದೇ ಸಲಕ್ಕೆ ಪಣಕ್ಕಿಡುವುದು. ಸಿನಿಮಾದಲ್ಲಿ ಅದು ಎದೆಗಾರಿಕೆ. ಬಲ್ಲವರಿಗೆ ಅದು ಗಣಿತ.

ಒಂದು ಉದಾಹರಣೆ ನೋಡಿ. ನಿಮ್ಮ ಕೈಯಲ್ಲಿ ಎರಡು, ಮೇಜಿನ ಮೇಲೆ ಮೂರು ಎಲೆಗಳಿವೆ. ಅವುಗಳಲ್ಲಿ ನಾಲ್ಕು ಆಟೀನು. ಐದನೆಯದು ಬಂದರೆ ಗೆಲುವು ಬಹುತೇಕ ನಿಮ್ಮದೇ. ಕಾಣದ 47 ಎಲೆಗಳಲ್ಲಿ 9 ಆಟೀನು ಉಳಿದಿವೆ. ಇನ್ನೆರಡು ಎಲೆ ತೆರೆಯಬೇಕಿದೆ. ಸಂಭವನೀಯತೆ ಸುಮಾರು ಶೇ 35. ಮೇಜಿನ ಮೇಲೆ 1,000 ಇದ್ದು, ಎದುರಾಳಿ ತನ್ನಲ್ಲಿದ್ದ 500ನ್ನೂ ಇಟ್ಟರೆ, ನೀವು 500 ಕೊಟ್ಟು 2,000ಕ್ಕೆ ಆಡುತ್ತೀರಿ. ಬೇಕಾದ ಅವಕಾಶ ಶೇ 25, ಇರುವುದು 35. ಇಡಬಹುದು. ಅದೇ ಮೇಜಿನ ಮೇಲೆ 500 ಇದ್ದು ಅವನು 1,000 ಇಟ್ಟರೆ ಬೇಕಾಗುವುದು ಶೇ 40. ಎಲೆ ಕೆಳಗಿಟ್ಟು ಸುಮ್ಮನಾಗಬೇಕು. ಎಲೆಗಳು ಅವೇ, ತೀರ್ಮಾನ ಬೇರೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಗೆಲ್ಲುವ ಅವಕಾಶ ಶೇ 80 ಇದ್ದರೂ, ಸತತ ಐದು ಸಲ ಸರ್ವಸ್ವವನ್ನೂ ಒಡ್ಡಿದವನು ಉಳಿಯುವ ಸಾಧ್ಯತೆ ಶೇ 33 ಮಾತ್ರ. ಅನುಕೂಲ ಇದ್ದಾಗಲೂ ಬಂಡವಾಳದ ಒಂದು ಪಾಲನ್ನಷ್ಟೇ ಹೂಡಬೇಕೆಂಬ ಸೂತ್ರವನ್ನು ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲೇ ಕೊಟ್ಟಿದ್ದರು.

ಹಾಗೆಂದು ಇಸ್ಪೀಟು ಕಲಿಯಿರಿ ಎಂದು ಹೇಳುತ್ತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ್ದು ಒಳ್ಳೆಯದೇ ಆಯಿತು. ಕಲಿಯಬೇಕಾದದ್ದು ಲೆಕ್ಕವನ್ನು.

ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಿದ್ದರೆ ಊಹೆಯೂ ಲಾಭವೇ. ಇವು ಸಣ್ಣ ಪಣಗಳು, ಹಲವು ಸಲ ಬರುತ್ತವೆ, ಸರಾಸರಿ ಕೈಹಿಡಿಯುತ್ತದೆ.

ಇರುವ ಕೆಲಸ ಬಿಟ್ಟು ವರ್ಷಗಟ್ಟಲೆ ಓದಲು ಕೂರುವುದು ಮಾತ್ರ ಆಲ್-ಇನ್. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಗೆಲ್ಲುತ್ತೇನೆಯೇ’ ಎಂಬುದಷ್ಟೇ ಅಲ್ಲ, ‘ಸೋತರೆ ಮುಂದಿನ ಆಟಕ್ಕೆ ಏನು ಉಳಿಯುತ್ತದೆ’ ಎಂಬುದು. ಅಪ್ಪನ ಅಂಗಡಿ ಇರುವವನಿಗೆ ಎರಡು ವರ್ಷ ಒಂದು ಬಿಲ್ಲೆ. ಕೂಲಿ ಮಾಡುವ ತಾಯಿಯ ಮಗಳಿಗೆ ಅದೇ ಸರ್ವಸ್ವ. ಇಬ್ಬರಿಗೂ ಒಂದೇ ಭಾಷಣ ಬಿಗಿಯುವುದು ಅನ್ಯಾಯ.

‘ಈಗಾಗಲೇ ಮೂರು ವರ್ಷ ಕೊಟ್ಟಿದ್ದೇನೆ, ಹೇಗೆ ಬಿಡಲಿ?’ ಎನ್ನುವವರಿಗೂ ಪೋಕರ್ ಉತ್ತರ ಕೊಡುತ್ತದೆ. ಮೇಜಿನ ನಡುವೆ ಸೇರಿದ ಬಿಲ್ಲೆ ಈಗ ನಿಮ್ಮದಲ್ಲ. ಮುಂದೆ ಹಾಕುವುದಕ್ಕೆ ಮುಂದಿನ ಅವಕಾಶವಷ್ಟೇ ಅಳತೆ. ಯುಪಿಎಸ್‌ಸಿ ಸಾಮಾನ್ಯ ವರ್ಗಕ್ಕೆ 6 ಅವಕಾಶ ಕೊಡುತ್ತದೆ. ಆರನ್ನೂ ಬಳಸಲೇಬೇಕೆಂಬ ನಿಯಮವಿಲ್ಲ.

ಇಸ್ಪೀಟಿನಲ್ಲಿ ಎಲೆಗಳು 52 ಎಂದಾದರೂ ಗೊತ್ತು. ಬದುಕಿನಲ್ಲಿ ಅಷ್ಟೂ ಗೊತ್ತಿರುವುದಿಲ್ಲ. ಆದ್ದರಿಂದ ಎಷ್ಟು ವರ್ಷ, ಎಷ್ಟು ಹಣ, ಯಾವ ಎರಡನೇ ದಾರಿ ಎಂಬುದನ್ನು ಶುರುವಿನಲ್ಲೇ ಬರೆದಿಡೋಣ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಹೇಡಿತನವಲ್ಲ. ಅದೂ ಒಂದು ಲೆಕ್ಕಾಚಾರ.