ಹಾರ್ಟು ಸರಿಯಾಯ್ತು, ತಲೆಯ ಕಥೆ?

ನಮ್ಮಲ್ಲಿ ಯಾರಿಗಾದರೂ ಬೈಪಾಸ್ ಆದರೆ ನೋಡಲು ಹೋದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಬ್ಲಾಕ್ ಇತ್ತಂತೆ?" ಮಿದುಳು ಹೇಗಿದೆ ಅಂತ ಒಬ್ಬರೂ ಕೇಳಲ್ಲ. ನಾವು ಬಿಡಿ, ಹೇಳಬೇಕಾದ ಎಷ್ಟೋ ಡಾಕ್ಟರುಗಳೂ ಬಾಯಿ ಬಿಡಲ್ಲ. ನನ್ನ ತಕರಾರು ಇರೋದು ಇಲ್ಲೇ.

ಮಿದುಳಿನ ತೂಕ ದೇಹದ ಶೇ. 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ರಕ್ತ ನಿಂತು ನಾಲ್ಕೈದು ನಿಮಿಷವಾದರೆ ಹಾನಿ ಶುರು. ಹಾಗಿದ್ದೂ ಹೃದಯ ನಿಲ್ಲಿಸಿ ಆಪರೇಷನ್ ಮಾಡೋದು ಹೇಗೆ? 1952ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಜಾನ್ ಲೂಯಿಸ್, ಐದು ವರ್ಷದ ಹುಡುಗಿಯೊಬ್ಬಳ ಮೈಯನ್ನು ತಣ್ಣಗಾಗಿಸಿ ಹೃದಯದ ರಂಧ್ರ ಮುಚ್ಚಿದರು. 1953ರಲ್ಲಿ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮಶೀನ್ ಬಳಸಿ ಗೆದ್ದರು. ಮೈ ಒಂದೊಂದು ಡಿಗ್ರಿ ತಣ್ಣಗಾದಂತೆ ಮಿದುಳಿನ ಹಸಿವು ಸುಮಾರು ಶೇ. 6-7ರಷ್ಟು ಇಳಿಯುತ್ತದೆ. ಮಹಾಪಧಮನಿಯ ಕಮಾನು ರಿಪೇರಿ ಮಾಡುವಾಗ ಮೈಯನ್ನು 20 ಡಿಗ್ರಿ ಆಸುಪಾಸಿಗೂ ಇಳಿಸುವುದುಂಟು, ಮಿದುಳಿಗಷ್ಟೇ ಬೇರೆ ದಾರಿಯಲ್ಲಿ ರಕ್ತ ಹರಿಸುವುದೂ ಉಂಟು. ಹಣೆಗೆ ಅಂಟಿಸಿದ ಸೆನ್ಸರ್ ಅಲ್ಲಿನ ಆಮ್ಲಜನಕ ತೋರಿಸುತ್ತದೆ. ವಾಪಸ್ ಬಿಸಿ ಮಾಡುವಾಗ ರಕ್ತ 37 ಡಿಗ್ರಿ ದಾಟದಂತೆ ಕಾಯಬೇಕು. ಇದನ್ನೆಲ್ಲ ಗಮನಿಸುತ್ತಾ ಪಂಪಿನ ಮುಂದೆ ಕೂರುವ ಪರ್ಫ್ಯೂಷನಿಸ್ಟ್ ಹೆಸರು ಯಾವ ರೋಗಿಗೆ ಗೊತ್ತು ಹೇಳಿ?

ಇಷ್ಟೆಲ್ಲ ಮಾಡಿದರೂ ಅಪಾಯ ಸೊನ್ನೆಯಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೈಪಾಸ್ ಆಗಿ ಮನೆಗೆ ಹೊರಟಾಗ ಶೇ. 53 ಮಂದಿಯ ನೆನಪು, ಏಕಾಗ್ರತೆ ಕುಗ್ಗಿತ್ತು. ಆರು ತಿಂಗಳಿಗೆ ಅದು ಶೇ. 24ಕ್ಕೆ ಇಳಿಯಿತು, ಐದು ವರ್ಷಕ್ಕೆ ಮತ್ತೆ ಶೇ. 42ಕ್ಕೆ ಏರಿತು. ಎಲ್ಲಾ ತಪ್ಪು ಪಂಪಿನದ್ದೇ ಅಂತ ಹೇಳೋಹಾಗಿಲ್ಲ. ಆಪರೇಷನ್ ಆಗದ ಹೃದ್ರೋಗಿಗಳಲ್ಲೂ ವರ್ಷಗಳು ಕಳೆದಂತೆ ಹೆಚ್ಚುಕಡಿಮೆ ಅಷ್ಟೇ ಕುಸಿತ ಇದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ಆದರೆ ಮೊದಲ ದಿನಗಳ ಗೊಂದಲ, ಸ್ಟ್ರೋಕ್ ಅಪಾಯ ಸುಳ್ಳಲ್ಲವಲ್ಲ!

ನಮ್ಮ ದೊಡ್ಡಪ್ಪ ವಾಲ್ವ್ ಆಪರೇಷನ್ ಆದ ಮೂರನೇ ರಾತ್ರಿ ಟ್ಯೂಬು ಕಿತ್ತುಕೊಂಡು ನರ್ಸನ್ನು ಕಳ್ಳಿ ಅಂದರು. ದೊಡ್ಡಮ್ಮ ಗಾಬರಿಯಾಗಿ ಅತ್ತರು. ಹೀಗಾಗಬಹುದು ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಆಮೇಲೆ ಎರಡು ತಿಂಗಳು ಅಂಗಡಿ ಲೆಕ್ಕ ತಪ್ಪುತ್ತಿತ್ತು. ಆಸ್ಪತ್ರೆಯ ಉತ್ತರ: "ವಯಸ್ಸಾಯ್ತಲ್ಲ." ಸರಿ ಸ್ವಾಮಿ, ಆಪರೇಷನ್‌ಗೆ ಮುಂಚೆ ಹೇಗಿದ್ದರು ಅಂತ ಅಳೆದಿದ್ದೀರಾ? ಇಲ್ಲ. ಹಳೇ ರೀಡಿಂಗ್ ಇಲ್ಲದೆ ವಯಸ್ಸಿನ ಮೇಲೆ ಹಾಕೋದು ಯಾವ ವಿಜ್ಞಾನ?

"ಹೇಳಿದರೆ ರೋಗಿ ಹೆದರಿ ಓಡಿಹೋಗ್ತಾನೆ" ಅನ್ನೋದು ಮಾಮೂಲಿ ಸಮಜಾಯಿಷಿ. ಸಾಯಬಹುದು ಅಂತ ಬರೆದ ಕಾಗದಕ್ಕೇ ಸಹಿ ಹಾಕಿಸ್ಕೊಳ್ತೀರಿ, ಅದಕ್ಕೆ ಹೆದರದವರು ಇದಕ್ಕೆ ಹೆದರ್ತಾರಾ?

ನಾನು ಕೇಳೋದು ಮೂರೇ. ಆಪರೇಷನ್‌ಗೆ ಮುಂಚೆ ಹತ್ತು ನಿಮಿಷದ ನೆನಪಿನ ಪರೀಕ್ಷೆ. ಗೊಂದಲ ಆಗಬಹುದು ಅಂತ ಮನೆಯವರಿಗೆ ಕನ್ನಡದಲ್ಲಿ ನಾಲ್ಕು ಮಾತು. ಚೆಕಪ್‌ಗೆ ಬಂದಾಗ ಇಸಿಜಿ ಜೊತೆಗೆ ಅದೇ ಪರೀಕ್ಷೆ ಮತ್ತೊಮ್ಮೆ. ಇದಕ್ಕೆ ಹೊಸ ಮಶೀನ್ ಬೇಡ, ಒಂದು ಹಾಳೆ, ಒಂದು ಪೆನ್ನು ಸಾಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಡೇಟ್ ಕೊಟ್ಟಿದ್ದರೆ, ಪ್ಯಾಕೇಜ್ ರೇಟ್ ಕೇಳುವಾಗ ಇದನ್ನೂ ಕೇಳಿ. ನಾವು ಕೇಳದಿದ್ದರೆ ಅವರಾಗೇ ಹೇಳಲ್ಲ.