‘ಸರ್ವರ್ ಇಲ್ಲ’ ಎಂದರೆ ಎಲ್ಲಿ ಇಲ್ಲ?

ಪಂಪ್‌ಸೆಟ್ಟು ನಿಂತರೆ ರೈತ ಬಾಂಧವರು ಸುಮ್ಮನೆ ಕೂರುವುದಿಲ್ಲ. ಫ್ಯೂಸು ಹೋಗಿದೆಯೋ, ಟಿ.ಸಿ. ಸುಟ್ಟಿದೆಯೋ, ಬಾವಿಯಲ್ಲೇ ನೀರಿಲ್ಲವೋ ಎಂದು ಒಂದೊಂದಾಗಿ ನೋಡುತ್ತಾರೆ. ಆದರೆ ಪಹಣಿಗೋ ಪಡಿತರಕ್ಕೋ ಹೋದಾಗ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರೆ ಮರುಮಾತಿಲ್ಲದೆ ಹಿಂದಿರುಗುತ್ತಾರೆ. ಅಂದಿನ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ಹೋಯಿತು. ಈ ಮಾತನ್ನು ಪ್ರಶ್ನಿಸಲು ಬೇಕಾದ ತಿಳುವಳಿಕೆ ಪಂಪ್‌ಸೆಟ್ಟಿನ ತಿಳುವಳಿಕೆಗಿಂತ ಕಷ್ಟದ್ದಲ್ಲ. ಅದನ್ನು ಪ್ರತಿಯೊಬ್ಬ ರೈತನೂ ಪಡೆಯಬೇಕು.

ಸರ್ವರ್ ಎಂದರೆ ದಾಖಲೆಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಕಳಿಸುವ ದೂರದ ಕಂಪ್ಯೂಟರು. ಅಲ್ಲಿಂದ ನಮ್ಮೂರಿಗೆ ಮಾಹಿತಿ ಬರುವುದು ಹೇಗೆ? ಹಿಂದಿನ ಟ್ರಂಕ್ ಕಾಲ್ ಹಿರಿಯರಿಗೆ ನೆನಪಿರಬಹುದು. ಇಬ್ಬರು ಮಾತು ಮುಗಿಸುವವರೆಗೆ ಒಂದು ದಾರಿ ಅವರಿಗೇ ಮೀಸಲು, ಮಿಕ್ಕವರು ಕಾಯಬೇಕಿತ್ತು. ಕಂಪ್ಯೂಟರಿನ ಪದ್ಧತಿ ಬೇರೆ. ರಾಶಿಯನ್ನು ಚೀಲಗಳಿಗೆ ತುಂಬಿ ಮಂಡಿಗೆ ಕಳಿಸುವಂತೆ ಮಾಹಿತಿಯನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆಯಲಾಗುತ್ತದೆ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಸಾಮಾನ್ಯವಾಗಿ ಒಂದರಲ್ಲಿ ಹಿಡಿಸುವುದು ಹೆಚ್ಚೆಂದರೆ ಸುಮಾರು 1,500 ಬೈಟು. 1,50,000 ಬೈಟಿನ ಒಂದು ದಾಖಲೆ ಬರಲು 100ಕ್ಕೂ ಹೆಚ್ಚು ಪ್ಯಾಕೆಟ್ ಬೇಕು. ಒಂದೊಂದರ ಮೇಲೂ ಕಳಿಸಿದವರ ವಿಳಾಸ, ಸೇರಬೇಕಾದ ವಿಳಾಸ, ಕ್ರಮ ತಿಳಿಸುವ ಸಂಖ್ಯೆ ಇರುತ್ತವೆ.

ದಾರಿಗಳು ಕೂಡುವಲ್ಲೆಲ್ಲ ರೂಟರ್ ಎಂಬ ಯಂತ್ರವಿದ್ದು, ವಿಳಾಸ ಓದಿ ಪ್ಯಾಕೆಟ್ಟನ್ನು ಮುಂದಕ್ಕೆ ಸಾಗಹಾಕುತ್ತದೆ. ಎಲ್ಲವೂ ಒಂದೇ ದಾರಿಯಲ್ಲಿ ಬರಬೇಕೆಂದಿಲ್ಲ. ಸೇರಿದ ಕಡೆ ಸಂಖ್ಯೆಯಂತೆ ಜೋಡಣೆಯಾಗುತ್ತದೆ. ಕಳೆದುಹೋದದ್ದನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೀದರಿನಿಂದ ಬೆಂಗಳೂರಿಗೆ ಹೋಗಿಬರಲು ಅದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಆದ್ದರಿಂದ ಊರು ದೂರವಿರುವುದು ಕೆಲಸ ನಿಲ್ಲಲು ಕಾರಣವಲ್ಲ.

1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವೀಸ್ ಬೇರೆ ಬೇರೆಯಾಗಿ ಈ ವಿಧಾನವನ್ನು ಕಂಡುಕೊಂಡರು. ಪ್ರತಿ ಗಂಟಿಗೂ ಹಲವು ದಾರಿಗಳಿದ್ದರೆ, ಒಂದು ಕಡಿದರೂ ಸುದ್ದಿ ಇನ್ನೊಂದರಲ್ಲಿ ಸೇರುತ್ತದೆ ಎಂಬುದನ್ನು ಬ್ಯಾರನ್ ತೋರಿಸಿಕೊಟ್ಟರು. ಜಾಲದ ಬಲವಿರುವುದು ಇಲ್ಲಿಯೇ. ಆದರೆ ಹಳ್ಳಿಗೆ ಬರುವಷ್ಟರಲ್ಲಿ ಈ ಬಲ ಉಳಿಯಲಿಲ್ಲ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯ ಮೊದಲ ಹಂತದಲ್ಲಿ ಪಂಚಾಯಿತಿಗೆ ಬಂದದ್ದು ಒಂದೇ ದಾರಿಯ ಎಳೆ. ನೀರಿನ ಪೈಪಿಗೆಂದು ಜೆಸಿಬಿ ಒಮ್ಮೆ ಅಗೆದರೆ ಸಾಕು, ಊರೇ ಕತ್ತಲು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಸರ್ವರ್ ಚೆನ್ನಾಗಿದ್ದರೂ ದಾಖಲೆ ಕೈಗೆ ಬಾರದು. 2023ರಲ್ಲಿ ಮಂಜೂರಾದ ತಿದ್ದುಪಡಿ ಯೋಜನೆಯಲ್ಲಿ ಉಂಗುರದಂತೆ ಎರಡೂ ಕಡೆಯಿಂದ ದಾರಿ ಕೊಡಬೇಕೆಂದಿದೆ. ನಿಮ್ಮ ಪಂಚಾಯಿತಿಗೆ ಅದು ಬಂದಿದೆಯೇ ಎಂದು ಕೇಳಿರಿ.

ದೋಷ ಎಲ್ಲಿದೆಯೆಂದು ತಿಳಿಯಲು ಮೂರು ಪ್ರಶ್ನೆಗಳು ಸಾಕು. ಕಚೇರಿಯಲ್ಲಿ ಕರೆಂಟು ಇದೆಯೇ, ರೂಟರಿನ ದೀಪ ಉರಿಯುತ್ತಿದೆಯೇ? ಇಲ್ಲವಾದರೆ ದೋಷ ಆ ಕೋಣೆಯಲ್ಲೇ ಇದೆ. ಅದೇ ಕಂಪ್ಯೂಟರಿನಲ್ಲಿ ಬೇರೆ ಯಾವುದೂ ತೆರೆಯದೆ, ಪಕ್ಕದವರ ಮೊಬೈಲಿನಲ್ಲಿ ತೆರೆಯುತ್ತಿದ್ದರೆ ಕಚೇರಿಯ ದಾರಿ ಕೆಟ್ಟಿದೆ ಎನ್ನಬಹುದು. ಬೇರೆಲ್ಲ ತೆರೆದು, ಬೇಕಾದ ಇಲಾಖೆಯದು ಮಾತ್ರ ಎಲ್ಲಿಯೂ ತೆರೆಯದಿದ್ದರೆ ಆಗ ಸರ್ವರನ್ನು ದೂರಬಹುದು. ಅರ್ಜಿಯ ಕಡೆಯ ದಿನ ಎಲ್ಲರೂ ಒಮ್ಮೆಗೇ ನುಗ್ಗಿದಾಗ ಹೀಗಾಗುವುದುಂಟು.

ಇದೆಲ್ಲ ನಮಗೇಕೆ ಎನ್ನುವವರಿದ್ದಾರೆ. ‘ಭೂಮಿ’ ಯೋಜನೆ ಬಂದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಪಡಿತರಕ್ಕೂ ಬೆರಳೊತ್ತುವ ಯಂತ್ರ ಬಂದಿದೆ. ಈ ಎಳೆ ಈಗ ಹೊಲಗಾಲುವೆಯಷ್ಟೇ ಮುಖ್ಯ. ಕಾಲುವೆ ಒಡೆದರೆ ದುರಸ್ತಿಗೆ ಒತ್ತಾಯಿಸುವ ನಾವು ಎಳೆ ಕಡಿದರೆ ಸುಮ್ಮನಿರುವುದು ತರವಲ್ಲ.

ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಬೇಡಿಕೆಗಳನ್ನು ಇಡಿರಿ. ಜಾಲ ನಿಂತ ದಿನ, ವೇಳೆ ಮತ್ತು ಕಾರಣವನ್ನು ಬರೆದಿಡುವ ಪುಸ್ತಕ ಕಚೇರಿಯಲ್ಲಿರಲಿ. ಕರೆಂಟು ಹೋದಾಗ ನಡೆಸಲು ಸುಸ್ಥಿತಿಯ ಬ್ಯಾಟರಿ ಇರಲಿ. ಕೇಬಲ್ ಹೋಗಿರುವಲ್ಲಿ ಗುರುತಿನ ಕಲ್ಲು ನೆಟ್ಟು, ಅಗೆಯುವ ಮುನ್ನ ತಿಳಿಸುವ ಕಟ್ಟಳೆಯಾಗಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು: ಜಾಲವಿಲ್ಲವೆಂದು ವಾಪಸು ಕಳಿಸುವಾಗ ತಾರೀಖು ಹಾಕಿದ ಚೀಟಿ ಕೊಡಲಿ, ಕಡೆಯ ದಿನ ಮೀರಿದರೆ ಆ ಚೀಟಿಯನ್ನು ಮಾನ್ಯ ಮಾಡಲಿ. ಎಳೆ ಕಡಿದದ್ದಕ್ಕೆ ರೈತನು ದಂಡ ತೆರಬೇಕಾದ ಕಾರಣವಿಲ್ಲ.