ಯಾವುದು ಕಾಡು? ವ್ಯಾಖ್ಯೆ ಬರೆಯುವವರ ಹೊಣೆ

ಯಾವ ಪರಿಕಲ್ಪನೆಯನ್ನಾದರೂ ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದು ಎಂಬ ನಂಬಿಕೆಯನ್ನು ನಮ್ಮ ಪರೀಕ್ಷಾ ಪದ್ಧತಿ ಬೆಳೆಸಿದೆ. ಎರಡು ಅಂಕಕ್ಕೆ ಅಷ್ಟು ಸಾಕಾದೀತು. ಆ ಸಾಲುಗಳ ಮೇಲೆ ಒಬ್ಬ ರೈತನ ಜಮೀನೋ ಒಂದು ಬೆಟ್ಟದ ಭವಿಷ್ಯವೋ ನಿಂತಾಗ ಸಾಲದು. ಎಲ್ಲರಿಗೂ ಗೊತ್ತಿರುವ 'ಕಾಡು' ಎಂಬ ಮಾತನ್ನೇ ನೋಡೋಣ.

'ಮರಗಳು ದಟ್ಟವಾಗಿ ಬೆಳೆದ ಪ್ರದೇಶವೇ ಕಾಡು' ಎನ್ನುತ್ತೇವೆ. ಮೊದಲ ಹೆಜ್ಜೆಯಾಗಿ ಇದು ಸರಿ. ಕಾಡು ಯಾವ ವರ್ಗಕ್ಕೆ ಸೇರಿದ್ದು, ಆ ವರ್ಗದ ಉಳಿದವುಗಳಿಂದ ಅದನ್ನು ಬೇರ್ಪಡಿಸುವ ಗುಣ ಯಾವುದು ಎರಡೂ ಇದರಲ್ಲಿವೆ. ಆದರೆ ದಟ್ಟ ಎಂದರೆ ಎಷ್ಟು? ಅಡಿಕೆ ತೋಟದಲ್ಲೂ ಮರಗಳು ಒತ್ತಾಗಿವೆ, ಅದು ಕಾಡೇ? ಕುದುರೆಮುಖದ ನೆತ್ತಿಯ ಹುಲ್ಲುಗಾವಲಲ್ಲಿ ಮರಗಳಿಲ್ಲ, ಅದು ಕಾಡಿನ ಭಾಗವಲ್ಲವೇ?

ಇಂಥ ಪ್ರಶ್ನೆಗಳನ್ನು ನಮ್ಮ ತರ್ಕಪರಂಪರೆಯಾದ ನ್ಯಾಯಶಾಸ್ತ್ರ ಬಹಳ ಹಿಂದೆಯೇ ಕ್ರಮವಾಗಿ ಕೇಳಿತ್ತು. ಕೊಂಬಿರುವುದೇ ಹಸುವಿನ ಲಕ್ಷಣವೆಂದರೆ ಎಮ್ಮೆಯೂ ಒಳಬರುತ್ತದೆ, ಅದು ಅತಿವ್ಯಾಪ್ತಿ. ಕಪಿಲ ಬಣ್ಣವೆಂದರೆ ಬಿಳಿ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಸೀಳಿಲ್ಲದ ಒಂಟಿ ಗೊರಸು ಎಂದರೆ ಯಾವ ಹಸುವಿಗೂ ಹೊಂದದು, ಅದು ಅಸಂಭವ. ಕುತ್ತಿಗೆಯ ಕೆಳಗೆ ಇಳಿಬಿದ್ದ ಗಂಗೆದೊಗಲು ಈ ಮೂರೂ ದೋಷಗಳಿಂದ ಪಾರಾಗುತ್ತದೆ. ವ್ಯಾಖ್ಯೆ ಬರೆಯುವವರು ಪ್ರತಿ ಸಾಲನ್ನೂ ಈ ಮೂರು ಪರೀಕ್ಷೆಗೆ ಒಡ್ಡಬೇಕು.

ಪರೀಕ್ಷೆ ಮಾಡಿದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ: ಕಾಡಿಗೆ ಇರುವುದು ಒಂದೇ ವ್ಯಾಖ್ಯೆಯಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಕಾರ ಕನಿಷ್ಠ 1 ಹೆಕ್ಟೇರ್ ವಿಸ್ತಾರವಿದ್ದು, ಮರಗಳ ನೆತ್ತಿ ನೆಲದ ಶೇ 10ರಷ್ಟನ್ನಾದರೂ ಮುಚ್ಚಿದ್ದರೆ ಅದು 'ಅರಣ್ಯ ಹೊದಿಕೆ'. ನೆಲ ಯಾರದ್ದು, ಬಳಕೆ ಏನು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಕೊಡಗಿನ ಕಾಫಿ ತೋಟ ಒಳಗೆ ಸೇರುತ್ತದೆ, ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲು ಹೊರಗುಳಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 0.5 ಹೆಕ್ಟೇರ್, 5 ಮೀಟರ್ ಎತ್ತರದ ಮರ, ಶೇ 10ರ ಹೊದಿಕೆ ಎಂದು ಹೇಳಿ, ಮುಖ್ಯವಾಗಿ ಕೃಷಿಗೆ ಬಳಸುವ ನೆಲವನ್ನು ಕೈಬಿಡುತ್ತದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲವೂ, ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದಿರುವುದೆಲ್ಲವೂ ಅರಣ್ಯ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತವೆ ಎಂದಿತು. ಮಲೆನಾಡಿನಲ್ಲಿ ಇಂದಿಗೂ ನಡೆದಿರುವ ಡೀಮ್ಡ್ ಫಾರೆಸ್ಟ್ (ಅರಣ್ಯವೆಂದು ಪರಿಗಣಿಸಲಾದ ಜಮೀನು) ವಿವಾದದ ಬೇರು ಅಲ್ಲಿದೆ.

ಈ ಮೂರರಲ್ಲಿ ಮೊದಲನೆಯ ವ್ಯಾಖ್ಯೆಗೆ ಉಪಗ್ರಹದಿಂದ ಹಸಿರು ಅಳೆಯಬೇಕಿತ್ತು, ಎರಡನೆಯದಕ್ಕೆ ದೇಶ ದೇಶಗಳ ಭೂಬಳಕೆ ಹೋಲಿಸಬೇಕಿತ್ತು, ಮೂರನೆಯದಕ್ಕೆ ಮರ ಕಡಿಯುವುದನ್ನು ತಡೆಯಬೇಕಿತ್ತು. ಉದ್ದೇಶ ಬದಲಾದಂತೆ ಗಡಿಯೂ ಬದಲಾಗಿದೆ. ಒಂದರ ಅಂಕಿಯನ್ನು ಇನ್ನೊಂದರ ವಾದಕ್ಕೆ ಬಳಸಿ 'ಕಾಡು ಹೆಚ್ಚಿದೆ' ಎಂದಾಗ ನಾವು ಮೋಸಹೋಗುತ್ತೇವೆ. ಆದ್ದರಿಂದ ವಿಸ್ತೃತ ವ್ಯಾಖ್ಯೆಯ ಮೊದಲ ಕರ್ತವ್ಯ, ತಾನು ಯಾವ ಕೆಲಸಕ್ಕಾಗಿ ಬರೆಯಲ್ಪಟ್ಟಿದ್ದೇನೆ ಎಂದು ಹೇಳಿಕೊಳ್ಳುವುದು.

ಆಮೇಲೆ ಉದಾಹರಣೆ ಕೊಡಬೇಕು, ಅದೂ ಗಡಿಯಲ್ಲಿ ನಿಂತಿರುವುದನ್ನೇ ಆರಿಸಿ. ಆಗುಂಬೆಯದು ಕಾಡು ಎನ್ನಲು ಯಾರ ತಕರಾರೂ ಇಲ್ಲ. ಅದರಿಂದ ಓದುಗ ಹೊಸದೇನೂ ಕಲಿಯುವುದಿಲ್ಲ. ಉತ್ತರ ಕನ್ನಡದ ಸೊಪ್ಪಿನಬೆಟ್ಟ ಹಾಗಲ್ಲ. ಅಲ್ಲಿ ಮರವಿದೆ, ಸರ್ಕಾರದ ದಾಖಲೆಯಿದೆ, ಜೊತೆಗೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರುವ ಬೆಳೆಗಾರರ ಹಕ್ಕೂ ಇದೆ. ಅದನ್ನು ಒಳಗಿಟ್ಟರೂ ಹೊರಗಿಟ್ಟರೂ ಬರೆದವರು ಕಾರಣ ಕೊಡಲೇಬೇಕಾಗುತ್ತದೆ. ಏನು ಅಲ್ಲ ಎಂಬುದನ್ನು ಹೇಳುವ ಅಗತ್ಯವೂ ಇದರಿಂದಲೇ ಹುಟ್ಟುತ್ತದೆ: ಅಕೇಶಿಯಾ ನೆಡುತೋಪು ಕಾಡಲ್ಲ ಎನ್ನುವವರು, ನೆಲದ ಪೊದೆ, ಬಳ್ಳಿ, ಬಗೆಬಗೆಯ ಮರ, ಅವನ್ನು ನೆಚ್ಚಿ ಬದುಕುವ ಜೀವಿಗಳು ಇವೆಲ್ಲ ಸೇರಿದ್ದೇ ಕಾಡು ಎಂದು ಅದರ ಒಳರಚನೆಯನ್ನು ಬಿಡಿಸಿ ತೋರಿಸಬೇಕಾಗುತ್ತದೆ.

ವಿಸ್ತರಿಸುವುದೆಂದರೆ ಉದ್ದ ಮಾಡುವುದಲ್ಲ. ಅರಣ್ಯವೆಂದರೆ ವನ, ವನವೆಂದರೆ ಕಾಡು ಎಂದು ಸಮಾನಾರ್ಥಕಗಳನ್ನು ಪೇರಿಸಿದರೆ ಪುಟ ತುಂಬೀತು, ತಿಳಿವಳಿಕೆ ಬೆಳೆಯದು. ಪಠ್ಯಪುಸ್ತಕ ಬರೆಯುವವರು, ಕಾಯ್ದೆಯ ಕರಡು ಸಿದ್ಧಪಡಿಸುವವರು, ವರದಿ ಮಾಡುವ ಪತ್ರಕರ್ತರು ವ್ಯಾಖ್ಯೆಯ ಉದ್ದೇಶ, ಗಡಿ, ಕಾರಣ ಈ ಮೂರನ್ನೂ ಮುಚ್ಚುಮರೆಯಿಲ್ಲದೆ ಬರೆಯಲಿ. ಓದುವವರೂ ಒಂದು ವ್ಯಾಖ್ಯೆ ಎದುರಾದಾಗ ಅದರಿಂದ ಯಾರು ಒಳಗಾದರು, ಯಾರು ಹೊರಗಾದರು ಎಂದು ತಪ್ಪದೆ ಕೇಳಲಿ.